ಅರಮನೆಯ ಒಲೆ, ಅರಮನೆಯ ಕುಂಚ

ರಾಜ್ಯಗಳು ಅಳಿದಮೇಲೆ ಅರಮನೆಗಳು ಊರಿಗೆ ಬಿಟ್ಟುಹೋಗುವ ಆಸ್ತಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಲ್ಲು ಗಾರೆಗಳೇ ಆದರೂ, ಊರಿನವರ ದಿನಬಳಕೆಗೆ ಬಂದು ಒದಗುವುದು ಆ ಗೋಡೆಗಳ ಒಳಗೆ ಸಂಬಳಕ್ಕೆ ದುಡಿದು, ಬಹುಮಟ್ಟಿಗೆ ಹೆಸರಿಲ್ಲದೆ ಹೋದವರ ಕೈಕಸಬು. ಮೈಸೂರಿನಲ್ಲಿ ಈ ಮಾತಿಗೆ ನಿದರ್ಶನವನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ಒಡೆಯರ ಆಶ್ರಯದಲ್ಲಿ ಬೆಳೆದ ಹಲವು ವಿದ್ಯೆಗಳಲ್ಲಿ ಎರಡು, ಒಂದು ಒಲೆಯ ಮುಂದಣದು, ಮತ್ತೊಂದು ಕುಂಚದ ತುದಿಯದು, ಅರಮನೆಯ ಹೊಸ್ತಿಲನ್ನು ದಾಟಿ ಬೀದಿಗೆ ಇಳಿದವು. ಅವುಗಳಲ್ಲಿ ಮೊದಲನೆಯದು ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ಗಿರಾಕಿಗಳ ನೂಕುನುಗ್ಗಲಿನ ನಡುವೆ ಕ್ಷೇಮವಾಗಿದೆ. ಎರಡನೆಯದರ ಯೋಗಕ್ಷೇಮವನ್ನು ವಿಚಾರಿಸಲು ಹೊರಟವನು ಓಣಿ ಹೊಕ್ಕು, ಬಾಗಿಲು ತಟ್ಟಿ, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಒಂದು ಭಾನುವಾರ ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ನಾವು ಐವರು ಕೂಡಿ ನಡೆಸಿದ ಸಂಚಾರದಲ್ಲಿ ಈ ಎರಡನ್ನೂ ಒಂದೇ ಹೊತ್ತಿನಲ್ಲಿ ಕಂಡುದರಿಂದ, ಬೇರೆಬೇರೆಯಾಗಿ ನೋಡಿದ್ದರೆ ಹೊಳೆಯದಿದ್ದ ಒಂದು ಸಂಗತಿ ಹೊಳೆಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಐವರೆಂದರೆ, ಪ್ರೌಢಶಾಲೆಯಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತರಾದ, ಮೈಸೂರಿನ ಒಂದೊಂದು ಗೋಡೆಯನ್ನೂ ಬಲ್ಲ ಡ್ರಾಯಿಂಗ್ ಮೇಷ್ಟ್ರು, ಯಾವುದೋ ಮದುವೆಗೆಂದು ಬಂದು ಒಂದು ದಿನ ಹೆಚ್ಚಾಗಿ ಉಳಿದಿದ್ದ ಧಾರವಾಡದ ವಕೀಲ ಮಿತ್ರರು, ನಮ್ಮ ಬೀದಿಯ ಗೃಹಿಣಿಯೊಬ್ಬರು, ಅವರ ತಂಗಿಯ ಮಗಳಾದ, ಕಾವಾ ಎಂಬ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿರುವ ಹುಡುಗಿ, ಮತ್ತು ನಾನು. ಗುಂಪಾಗಿ ಊರು ನೋಡುವುದರಲ್ಲಿ ಒಂದು ತೊಡಕೂ ಒಂದು ಲಾಭವೂ ಉಂಟು. ಒಬ್ಬನೇ ಹೋದವನು ತನಗೆ ಬೇಕಾದುದರ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಐವರಲ್ಲಿ ಒಬ್ಬನಾದವನು ಉಳಿದ ನಾಲ್ವರಿಗೆ ಬೇಕಾದುದರ ಮುಂದೆಯೂ ನಿಲ್ಲಬೇಕು. ತನ್ನ ಪಾಡಿಗೆ ಬಿಟ್ಟರೆ ಎಂದೂ ನಿಲ್ಲದ ಕಡೆ ಹೀಗೆ ನಿಂತದ್ದರ ಪ್ರಯೋಜನ ಎಷ್ಟೋ ಸಲ ಆಮೇಲೆ ತಿಳಿಯುತ್ತದೆ.

ಜಗನ್ಮೋಹನ ಅರಮನೆಯಿಂದ ಆರಂಭಿಸಬೇಕೆಂಬುದು ಮೇಷ್ಟ್ರ ಕಟ್ಟಪ್ಪಣೆ. "ಹೊಟ್ಟೆ ತುಂಬಿದ ಮೇಲೆ ಕಣ್ಣು ತೂಗುತ್ತದೆ, ಚಿತ್ರ ಮೊದಲು, ತಿಂಡಿ ಆಮೇಲೆ" ಎಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ, ಕಟ್ಟಿದ ಈ ಭವನಕ್ಕೆ ದೊಡ್ಡ ಅರಮನೆಯ ಭವ್ಯತೆಯಿಲ್ಲ. ಆದರೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನಕ್ಕೆ ಆಸರೆಯಾದುದು ಇದು; 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹವೂ, 1902ರಲ್ಲಿ ಅವರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ಸಮಾರಂಭವೂ ನಡೆದುದು ಇಲ್ಲಿಯೇ; ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆ 1912ರಲ್ಲಿ ಮುಗಿದ ಬಳಿಕ, ಬಿಡುವಾದ ಈ ಕಟ್ಟಡವನ್ನು 1915ರಲ್ಲಿ ಚಿತ್ರಶಾಲೆಯನ್ನಾಗಿ ಮಾರ್ಪಡಿಸಿದರು. ಈಗ ಅದಕ್ಕೆ ಶ್ರೀ ಜಯಚಾಮರಾಜೇಂದ್ರ ಕಲಾಶಾಲೆಯೆಂದು ಹೆಸರು. ಒಳಗೆ ಹೋದವರನ್ನು ಮೊದಲು ಹಿಡಿದು ನಿಲ್ಲಿಸುವುದು ಚಿತ್ರವಲ್ಲ, ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳ ಮೆರವಣಿಗೆ ಹೊರಡಿಸುವ ಫ್ರೆಂಚ್ ಗಡಿಯಾರ. ಅದರ ಮುಂದೆ ಮಕ್ಕಳೂ ದೊಡ್ಡವರೂ ಬಾಯಿ ತೆರೆದು ನಿಂತಿರುತ್ತಾರೆ. ಮುಂದಿನ ಕೊಠಡಿಯಲ್ಲಿ ಅದೇ ಜನ ಮೆರವಣಿಗೆಯ ವೇಗದಲ್ಲಿಯೇ ಚಿತ್ರಗಳ ಮುಂದೆ ಸರಿದುಹೋಗುತ್ತಾರೆ.

ರವಿವರ್ಮರು ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರರಸರಿಗಾಗಿ ರಚಿಸಿಕೊಟ್ಟ ಪೌರಾಣಿಕ ಚಿತ್ರಗಳು ಇಲ್ಲಿವೆ. ಜಟಾಯುವಿನ ರೆಕ್ಕೆ ಕತ್ತರಿಸುವ ರಾವಣನ ಮುಂದೆ ವಕೀಲರು ನಿಂತು, "ಇದನ್ನ ನಮ್ಮ ಅಜ್ಜನ ಮನಿ ಕ್ಯಾಲೆಂಡರಿನ್ಯಾಗ ನೋಡೀನ್ರಿ ನಾ. ಆದ್ರ ಆ ಕ್ಯಾಲೆಂಡರಿನ್ಯಾಗ ರಾವಣನ ತೋಳಿಗೆ ಇಷ್ಟು ಜೀವ ಇರಲಿಲ್ಲ ನೋಡ್ರಿ" ಎಂದರು. ಹುಡುಗಿಗೆ ಆ ಚಿತ್ರ ಅಷ್ಟಾಗಿ ರುಚಿಸಲಿಲ್ಲ. ನಾಟಕದ ರಂಗಸಜ್ಜಿಕೆಯ ಗತ್ತು ಅದರಲ್ಲಿ ಹೆಚ್ಚಾಯಿತೆಂಬುದು ಅವಳ ಆಕ್ಷೇಪಣೆ. ಅವಳ ಕಾಲೇಜಿನಲ್ಲಿ ಇದು ಒಪ್ಪಿತ ಅಭಿಪ್ರಾಯವೆಂದು ತೋರುತ್ತದೆ. ನನಗೆ ಆ ಗತ್ತೇ ಇಷ್ಟ. ಪುರಾಣವನ್ನು ಯಕ್ಷಗಾನದಲ್ಲಿಯೂ ಕಂಪನಿ ನಾಟಕದಲ್ಲಿಯೂ ಕಂಡು ಬೆಳೆದ ಕಣ್ಣಿಗೆ, ರಂಗದ ದೀಪವೊಂದು ಎಲ್ಲಿಯೋ ಉರಿಯುತ್ತಿದೆಯೆಂಬ ಭಾವನೆಯನ್ನು ಹುಟ್ಟಿಸದ ರಾವಣ ಅರೆಬರೆ ರಾವಣ.

ದೀಪದ ಮಾತು ಬಂದುದರಿಂದ ಅಲ್ಲಿಯ ಇನ್ನೊಂದು ಚಿತ್ರದ ವಿಷಯವನ್ನು ಇಲ್ಲಿಯೇ ಹೇಳಬೇಕು. ಹಣತೆಯನ್ನು ಹಿಡಿದು, ಗಾಳಿಗೆ ಆರದಂತೆ ಅಂಗೈಯನ್ನು ಮರೆಮಾಡಿಕೊಂಡು ನಿಂತ ತರುಣಿಯ ಚಿತ್ರ. ಅದನ್ನು ಕತ್ತಲೆಯ ಕೋಣೆಯಲ್ಲಿ ಇರಿಸಿರುವುದು ಒಳ್ಳೆಯದಾಯಿತು. ಹೊರಗಿನ ಬೆಳಕಿನಿಂದ ಬಂದ ಕಣ್ಣು ಒಂದೆರಡು ನಿಮಿಷ ಏನನ್ನೂ ಕಾಣದೆ ತಡವರಿಸಿ, ಆಮೇಲೆ ಮೆಲ್ಲನೆ ಮೊದಲು ಬೆರಳುಗಳ ಸಂದಿಯ ಕೆಂಪನ್ನೂ, ಅನಂತರ ಗಲ್ಲದ ಅಂಚನ್ನೂ, ಕಟ್ಟಕಡೆಗೆ ಸೀರೆಯ ಮಡಿಕೆಗಳನ್ನೂ ಒಂದೊಂದಾಗಿ ಕೂಡಿಸಿಕೊಳ್ಳುತ್ತದೆ. ಆಗ ಬೆಳಕು ಚಿತ್ರದ ಮೇಲೆ ಬಿದ್ದಿದೆಯೋ ಚಿತ್ರದಿಂದ ಹೊಮ್ಮುತ್ತಿದೆಯೋ ಎಂಬ ಸಂದೇಹ ಎಂಥವನಿಗೂ ಬಾರದಿರದು. ನಮ್ಮ ಪಕ್ಕದಲ್ಲಿ ನಿಂತಿದ್ದ ಗೃಹಸ್ಥರೊಬ್ಬರು ತಮ್ಮ ಮಗನಿಗೆ "ನೋಡು, ರವಿವರ್ಮ ಬರೆದದ್ದು" ಎಂದು ಹೇಳುತ್ತಿದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅಲ್ಲ ಸ್ವಾಮಿ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಇದನ್ನು ಬರೆದವರು ಸಾವಂತವಾಡಿಯ ಹಳದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತಿರುವವಳು ಅವರ ಮಗಳೇ" ಎಂದು ವಿನಯದಿಂದಲೇ ತಿದ್ದಿದರು. ಆ ಮಗಳು ನೂರು ವರ್ಷವನ್ನು ದಾಟಿ ಬಾಳಿ, 2018ರಲ್ಲಿ ಕೊಲ್ಹಾಪುರದಲ್ಲಿ ನಿಧನರಾದರು. ಚಿತ್ರದಲ್ಲಿ ಆಕೆಗೆ ವಯಸ್ಸೇ ಆಗಲಿಲ್ಲ.

"ಇದು ಎಣ್ಣೆಬಣ್ಣ ಅಲ್ಲ ದೊಡ್ಡಮ್ಮ, ನೀರುಬಣ್ಣ" ಎಂದು ಹುಡುಗಿ ತನ್ನ ದೊಡ್ಡಮ್ಮನಿಗೆ ಹೇಳಿದ ಒಂದು ಮಾತು ನನ್ನ ನೋಟವನ್ನೇ ಬದಲಿಸಿತು. ತೈಲವರ್ಣದಲ್ಲಿ ಬರೆಯುವವನು ತಪ್ಪಿದಲ್ಲಿ ಮೇಲೊಂದು ಬಣ್ಣ ಬಳಿದು ತಿದ್ದಬಹುದು, ಬೆಳಕು ಬೇಕಾದಲ್ಲಿ ಕೊನೆಗೆ ಬಿಳಿಯನ್ನು ಮೆತ್ತಬಹುದು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಕಾಗದವೇ. ಎಲ್ಲಿ ಕುಂಚವನ್ನು ಇಡಬಾರದೆಂಬುದನ್ನು ಮೊದಲ ದಿನವೇ ನಿಶ್ಚಯಿಸಿಕೊಂಡು, ಕೊನೆಯ ದಿನದವರೆಗೂ ಆ ಜಾಗವನ್ನು ಕಾಯಬೇಕು. ಆ ಹಣತೆಯ ಕುಡಿಯನ್ನು ನೋಡುತ್ತ ನೋಡುತ್ತ, ಕಲಾವಿದನ ಸಂಯಮವೆಂಬುದು ಬರಿಯ ಅಲಂಕಾರದ ಮಾತಲ್ಲವೆಂಬುದು ಮನಸ್ಸಿಗೆ ನಾಟಿತು.

ಮೇಲಂತಸ್ತಿನಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಳಿರುವ ಕಡೆಗೆ ಬರುವ ಹೊತ್ತಿಗೆ ನಮ್ಮ ಹಿಂದೆಮುಂದೆ ಜನವೇ ಇರಲಿಲ್ಲ. ಇವು ಮುಮ್ಮಡಿಯವರ ಆಸ್ಥಾನದ ಗಾಳಿಯನ್ನು ಕುಡಿದು ಬೆಳೆದ ಚಿತ್ರಗಳು. ವಿಜಯನಗರವು 1565ರಲ್ಲಿ ಕುಸಿದಾಗ ದಿಕ್ಕುಪಾಲಾದ ಚಿತ್ರಗಾರ ಮನೆತನಗಳಲ್ಲಿ ಕೆಲವು ಶ್ರೀರಂಗಪಟ್ಟಣಕ್ಕೆ ಬಂದು ಒಡೆಯರನ್ನು ಆಶ್ರಯಿಸಿದುವೆಂಬುದು ಪರಂಪರೆಯ ಹೇಳಿಕೆ; 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜರಂತೂ ಅಧಿಕಾರವನ್ನು ಬ್ರಿಟಿಷರು ಕಿತ್ತುಕೊಂಡ ದೀರ್ಘಕಾಲದಲ್ಲಿ ತಮ್ಮ ಉತ್ಸಾಹವನ್ನೆಲ್ಲ ವಿದ್ಯೆ ವಿನೋದಗಳ ಕಡೆಗೆ ತಿರುಗಿಸಿ, ದೇವತಾಮೂರ್ತಿಗಳ ಧ್ಯಾನಗಳನ್ನೂ ರೂಪಗಳನ್ನೂ ಕೂಡಿಸಿದ 'ಶ್ರೀತತ್ತ್ವನಿಧಿ'ಯನ್ನು ಚಿತ್ರಸಹಿತವಾಗಿ ಸಿದ್ಧಪಡಿಸಿದರು; ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದರು; ತಮ್ಮ ವಂಶವೃಕ್ಷವನ್ನು ತಾವರೆಯ ದಳದಳವಾಗಿ ಬಿಡಿಸಿದ 'ಸಂತಾನಾಂಬುಜ'ವನ್ನು ಬರೆಯಿಸಿದರು. ರಾಜ್ಯವಿಲ್ಲದ ರಾಜನೊಬ್ಬ ಕುಂಚದಿಂದ ಆಳಿದ ಕಾಲ ಅದು. ವಕೀಲರು ತಾವರೆಯ ದಳಗಳಲ್ಲಿ ಕುಳಿತ ಪೂರ್ವಿಕರನ್ನು ಬಹಳ ಹೊತ್ತು ನೋಡಿ, ದಾಯಾದಿಗಳ ವ್ಯಾಜ್ಯಗಳಲ್ಲಿ ತಾವು ನ್ಯಾಯಾಲಯಕ್ಕೆ ಸಲ್ಲಿಸುವ ವಂಶಾವಳಿಗಳನ್ನೂ ಇಷ್ಟು ಚೆಂದವಾಗಿ ಬರೆಯಿಸಿದರೆ ನ್ಯಾಯಾಧೀಶರು ಬೇಗ ತೀರ್ಪು ಕೊಟ್ಟಾರೆಂದು ನಕ್ಕರು.

ಹೊರಗೆ ಬಂದು ಹಿಂದಿನ ಅಗ್ರಹಾರದ ಓಣಿಯೊಂದನ್ನು ಹೊಕ್ಕೆವು. ಮೇಷ್ಟ್ರ ಪರಿಚಯದ ಚಿತ್ರಗಾರರೊಬ್ಬರ ಮನೆ ಅಲ್ಲಿತ್ತು. ತೊಟ್ಟಿಯ ಮನೆ, ತೊಟ್ಟಿಯ ಬೆಳಕು ಬೀಳುವ ಪಡಸಾಲೆಯಲ್ಲಿ ನೆಲದ ಮೇಲೆ ಗಿಡ್ಡ ಮಣೆ, ಅದಕ್ಕೆ ಒರಗಿಸಿದ ಹಲಗೆ, ಹಲಗೆಯ ಮೇಲೆ ಅರೆಯಾದ ರಾಮಪಟ್ಟಾಭಿಷೇಕ. ಆಕಾಶ, ಸ್ತಂಭಗಳು, ಸಿಂಹಾಸನ, ಉಡುಪು, ಎಲ್ಲವೂ ಆಗಿತ್ತು. ಮುಖಗಳು ಮಾತ್ರ ಇನ್ನೂ ಖಾಲಿ. ಮುಖವನ್ನು ಕಡೆಗೇ ಬರೆಯುವುದು ಪದ್ಧತಿ. ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಗೆರೆ ಹಾಕುವುದು, ಅಳಿಲಿನ ಕೂದಲಿನ ಕುಂಚದಿಂದ ಬಣ್ಣ ತುಂಬುವುದು ಹಿಂದಿನವರ ರೂಢಿಯಾಗಿತ್ತೆಂದೂ, ಈಗ ಕುಂಚ ಅಂಗಡಿಯದೇ ಎಂದೂ ಹೇಳಿ, ಅವರು ಆ ದಿನದ ಕೆಲಸಕ್ಕೆ ತೊಡಗಿದರು. ಸಫೇದದ ಪುಡಿಯನ್ನು ಗೋಂದಿನಲ್ಲಿ ಕಲಸಿ, ಮಕ್ಕಿಯೆಂಬ ಹಳದಿ ಅಂಟನ್ನು ಬೆರೆಸಿದ ಲೇಪವನ್ನು ಕುಂಚದ ತುದಿಯಿಂದ ತೊಟ್ಟುತೊಟ್ಟಾಗಿ ಇಡುತ್ತ ಸೀತೆಯ ಸೊಂಟದ ಡಾಬನ್ನು ಎಬ್ಬಿಸಿದರು. ತೊಟ್ಟುಗಳು ಒಂದಕ್ಕೊಂದು ಸೋಕದೆ, ಒಂದೇ ಗಾತ್ರದಲ್ಲಿ ಏಳಬೇಕು. ಉಸಿರು ಜೋರಾದರೆ ಸಾಲು ಓರೆಯಾಗುತ್ತದೆ. ನಾವು ಐವರೂ ನಮಗರಿವಿಲ್ಲದೆಯೇ ಉಸಿರು ಹಿಡಿದಿದ್ದೆವು. ಆಮೇಲೆ, ಹಿಂದಿನ ದಿನ ಒಣಗಿದ್ದ ಕಿರೀಟದ ಭಾಗದ ಮೇಲೆ ಚಿನ್ನದ ರೇಕನ್ನು ಇಟ್ಟು, ಅದರ ಮೇಲೊಂದು ತೆಳ್ಳನೆಯ ಕಾಗದವನ್ನು ಹಾಸಿ, ನುಣುಪಾದ ಪುಟ್ಟ ಕಲ್ಲಿನಿಂದ ಮೆತ್ತಗೆ ಉಜ್ಜಿದರು. ಕಾಗದವನ್ನು ತೆಗೆದಾಗ ಕಂಡ ಚಿನ್ನ ಥಳಥಳಿಸುವ ಚಿನ್ನವಲ್ಲ, ದೇವರ ಮನೆಯಲ್ಲಿ ನಂದಾದೀಪದ ಬಳಿ ತಲೆಮಾರುಗಳಿಂದ ಇದ್ದ ಪಾತ್ರೆಯ ಹೊಳಪು ಅದಕ್ಕೆ. ತಂಜಾವೂರಿನ ಪಟಗಳಲ್ಲಿ ಉಬ್ಬು ದಪ್ಪ, ಗಾಜು ಹರಳುಗಳ ಮೆರುಗು ಹೆಚ್ಚು. ಮೈಸೂರಿನವರದು ತಗ್ಗಿದ ಉಬ್ಬು, ತಗ್ಗಿದ ದನಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೆಚ್ಚಿನ ಜನ ತಂಜಾವೂರಿನದನ್ನೇ ಕೊಳ್ಳುತ್ತಾರೆಂದು ಅವರೇ ಹೇಳಿದರು, ಬೇಸರವಿಲ್ಲದೆ.

ವಕೀಲರು ಬೆಲೆ ಕೇಳಿದರು. ಉತ್ತರ ಬಂದಮೇಲೆ ಸುಮ್ಮನಾದರು. ಚಿತ್ರಗಾರರು ಅದನ್ನು ಗಮನಿಸಿ, "ಎರಡು ತಿಂಗಳು ಹಿಡಿಯುತ್ತೆ ಸ್ವಾಮಿ, ಲೆಕ್ಕ ಹಾಕಿದರೆ ಕೂಲಿಯೇ. ವಸ್ತುಪ್ರದರ್ಶನದಲ್ಲಿ ಇದೇ ಪಟ್ಟಾಭಿಷೇಕದ ಪ್ರಿಂಟು ಸಿಗುತ್ತೆ, ಕಟ್ಟು ಹಾಕಿಸಿ ಕೊಡ್ತಾರೆ. ದೂರದಿಂದ ನೋಡಿದರೆ ವ್ಯತ್ಯಾಸವೇ ತಿಳಿಯೋದಿಲ್ಲ" ಎಂದರು. ಗೃಹಿಣಿ, ತಮ್ಮ ತವರಿನ ದೇವರ ಮನೆಯಲ್ಲಿಯೂ ಇಂಥದೇ ಒಂದು ಪಟವಿದೆಯೆಂದೂ, ಮುತ್ತಜ್ಜನ ಕಾಲದ್ದೆಂದೂ, ಇಂದಿಗೂ ಬಣ್ಣ ಮಾಸಿಲ್ಲವೆಂದೂ ಹೊಗಳಿಕೆಯಾಗಿಯೇ ಹೇಳಿದರು. ಅದಕ್ಕೆ ಚಿತ್ರಗಾರರು ನಕ್ಕು ಕೊಟ್ಟ ಉತ್ತರವಿದು: "ಅದೇ ನಮ್ಮ ಕಷ್ಟ ತಾಯಿ. ಮೈಸೂರುಪಾಕು ಇವತ್ತು ತಿಂದರೆ ಇವತ್ತಿಗೆ ಮುಗೀತು, ನಾಳೆ ಮತ್ತೆ ಬರ್ತಾರೆ. ನಮ್ಮ ಪಟ ಮುಗಿಯೋದೇ ಇಲ್ಲವಲ್ಲ! ನಿಮ್ಮ ಮುತ್ತಜ್ಜ ತಗೊಂಡರು. ಆಮೇಲೆ ನಿಮ್ಮ ಮನೆಯಿಂದ ಯಾರೂ ಬರಬೇಕಾಗಿಯೇ ಬರಲಿಲ್ಲ."

ಈ ಮಾತನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ನಾನು ಮುಂದಿನ ದಾರಿಯನ್ನು ನಡೆದೆ. ಕೃಷ್ಣರಾಜ ವೃತ್ತದ ಕಡೆಗೆ ಹೋಗುವಾಗ ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳು ಎದುರಾಗುತ್ತವೆ; ಒಂದು ಕಾಲಕ್ಕೆ ಅಲ್ಲಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಮೈಸೂರಿನ ವಿದ್ಯಾರ್ಥಿಗಳೆಲ್ಲರೂ ಒಂದಲ್ಲ ಒಂದು ದಿನ ಬಗ್ಗಿ ನಿಂತವರೇ. 2012ರಲ್ಲಿ ಅದರ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಪಾರ್ಶ್ವವೂ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೋ ಎಂಬ ಜಗಳ ಅಂದಿನಿಂದ ಸಮಿತಿಗಳನ್ನೂ ನ್ಯಾಯಾಲಯಗಳನ್ನೂ ಸುತ್ತಿಬಂದಿದೆ. ವಕೀಲರು ಈ ವಿಷಯದಲ್ಲಿ ಎರಡೂ ಪಕ್ಷದ ವಾದವನ್ನು ಸಮರ್ಥವಾಗಿ ಮಂಡಿಸಬಲ್ಲವರಾಗಿದ್ದರಾದರೂ, ನಮ್ಮ ಪುಣ್ಯದಿಂದ, ಮಾರುಕಟ್ಟೆಯ ಬಾಗಿಲು ಬಂದುಬಿಟ್ಟಿತು.

ದೇವರಾಜ ಮಾರುಕಟ್ಟೆಯನ್ನು ವರ್ಣಿಸುವ ಹುಚ್ಚಿಗೆ ನಾನು ಹೋಗುವುದಿಲ್ಲ. ಕುಂಕುಮದ ಗೋಪುರಗಳ ಛಾಯಾಚಿತ್ರ ಈಗ ಲೋಕದಲ್ಲೆಲ್ಲ ಹಬ್ಬಿದೆ. ಛಾಯಾಚಿತ್ರದಲ್ಲಿ ಬಾರದಿರುವುದು ಅಲ್ಲಿನ ವಾಸನೆಗಳ ಸರದಿ. ಮೊದಲು ಬಾಳೆಯ ಸಾಲು. ನಂಜನಗೂಡಿನ ರಸಬಾಳೆ ಅಪರೂಪವಾಗಿರುವುದರಿಂದ ಅದರ ಹೆಸರಿನಲ್ಲಿ ಬೇರೆ ಬಾಳೆಯನ್ನೂ ಕೂಗುವುದುಂಟು, ಮೂಗುಳ್ಳವನಿಗೆ ಮೋಸವಾಗದು. ಆಮೇಲೆ ವೀಳೆಯದೆಲೆಯ ಕಟ್ಟುಗಳ ಹಸಿ ಖಾರ, ಅದರ ಹಿಂದೆಯೇ ಸಂಜೆಗೆ ಬಿರಿಯತೊಡಗಿದ ಮೈಸೂರು ಮಲ್ಲಿಗೆ. ಹೂವಾಡಗಿತ್ತಿಯೊಬ್ಬಳು ಮೊಳ ಹಾಕಿ ಕೊಡುತ್ತ, ಗೃಹಿಣಿ ಚೌಕಾಸಿ ಮಾಡಿದಾಗ, "ನನ್ನ ಕೈ ಗಿಡ್ಡ ಅಲ್ಲ ಕಣವ್ವ, ನೋಡು ಬೇಕಾದ್ರೆ ನಿನ್ನ ಕೈಲೇ ಅಳ್ಕೊ" ಎಂದು ದಾರವನ್ನೇ ಕೈಗೆ ಕೊಟ್ಟಳು. ಹಾಗೆ ಅಳೆದಾಗ ಹೂವು ಅರ್ಧ ಮೊಳ ಹೆಚ್ಚೇ ಬಂತು. ಗೃಹಿಣಿ ಮಾತಿಲ್ಲದೆ ದುಡ್ಡು ಕೊಟ್ಟರು.

ಮಾರುಕಟ್ಟೆಯ ರಸ್ತೆಯ ಮಗ್ಗುಲಿಗೇ ಗುರು ಸ್ವೀಟ್ ಮಾರ್ಟ್. ಅಂಗಡಿ ಎಷ್ಟು ಚಿಕ್ಕದೆಂದರೆ, ಅದರ ಕೀರ್ತಿಯನ್ನು ಕೇಳಿ ಬಂದವರು ಒಮ್ಮೆ ದಾಟಿ ಹೋಗಿ ಹಿಂದಿರುಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಪಾಕಶಾಲೆಯಲ್ಲಿದ್ದ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಗಳಿಂದ ಮೈಸೂರುಪಾಕನ್ನು ಮೊದಲು ಮಾಡಿದರೆಂದೂ, ಪ್ರಭುಗಳು ಮೆಚ್ಚಿ ಅರಮನೆಯ ಹೊರಗೆ ಅಂಗಡಿಯಿಡಲು ಹೇಳಿದರೆಂದೂ ಪ್ರತೀತಿ. ಅವರ ವಂಶಜರೇ ಈ ಅಂಗಡಿಯನ್ನು ನಡೆಸಿಕೊಂಡು ಬರುತ್ತಿದ್ದಾರೆ. ಇಲ್ಲಿಯದು ಈಚಿನ ಬೆಣ್ಣೆಯಂಥ ಮೆತ್ತನೆಯ ಜಾತಿಯದಲ್ಲ. ಮುರಿದಾಗ ಸಣ್ಣಗೆ ಸದ್ದಾಗಬೇಕು. ಮುರಿದ ಮೈಯಲ್ಲಿ, ಕಾದ ತುಪ್ಪ ಹಿಟ್ಟಿನೊಳಗಿಂದ ಉಕ್ಕಿ ಬಂದ ದಾರಿಗಳೆಲ್ಲ ಸಣ್ಣ ಸಣ್ಣ ರಂಧ್ರಗಳಾಗಿ ಉಳಿದಿರಬೇಕು. ಶಾಖ ಹಿಡಿದ ನಡುಭಾಗ ಕಂದಾಗಿ, ಅಂಚುಗಳು ತಿಳಿಹಳದಿಯಾಗಿರಬೇಕು. ಪಾಕವನ್ನು ಒಲೆಯಿಂದ ಇಳಿಸುವ ಕ್ಷಣ ಒಂದಿಷ್ಟು ಮುಂದಾದರೆ ಅದು ಹಲ್ವವಾಗುತ್ತದೆ, ಹಿಂದಾದರೆ ಇಟ್ಟಿಗೆಯಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಆ ತಿಳಿವು ಹಣತೆಯ ಕುಡಿಯ ಬಿಳಿಯನ್ನು ಕಾದವನ ತಿಳಿವಿಗಿಂತ ಕೀಳೆಂದು ನಾನಂತೂ ಒಪ್ಪಲಾರೆ. ಧಾರವಾಡದ ಪೇಢೆಯ ಪಕ್ಷಪಾತಿಗಳಾದ ವಕೀಲರು ಒಂದು ತುಂಡನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ತಡೆದು, "ಪೇಢಾದ ಮಾತ ಬ್ಯಾರೇ ಬಿಡ್ರಿ" ಎಂದರು. ಆದರೆ ಊರಿಗೆಂದು ಎರಡು ಕಿಲೋ ಕಟ್ಟಿಸಿಕೊಂಡರು.

ಕಟ್ಟಿಸಿಕೊಳ್ಳುವವರ ಸಾಲನ್ನು ನೋಡುತ್ತ ನಿಂತಾಗ ಚಿತ್ರಗಾರರ ಮಾತು ಮತ್ತೆ ಮನಸ್ಸಿಗೆ ಬಂತು. ಎರಡೂ ಅರಮನೆಯ ವಿದ್ಯೆಗಳೇ. ಎರಡಕ್ಕೂ ಬೇಕಾದುದು ಕೈಯ ಹದವೂ ಗುರುವಿನ ಬೈಗಳೂ ವರ್ಷಗಟ್ಟಲೆಯ ಸಾಧನೆಯೂ. ಆದರೆ ಅರಸು ಹೋದಮೇಲೆ ಅಡಿಗೆಯವನಿಗೆ ಸಾವಿರ ಮಂದಿ ಚಿಲ್ಲರೆ ಅರಸರು ದೊರೆತರು. ಕಾಲು ಕಿಲೋಗೆ ಕೈಚಾಚುವವನು ಆ ಹೊತ್ತಿನ ಮಟ್ಟಿಗೆ ಆಶ್ರಯದಾತನೇ. ಚಿತ್ರಗಾರನಿಗೆ ಬೇಕಾದುದೋ, ಎರಡು ತಿಂಗಳ ಕೂಲಿಯನ್ನು ಒಂದೇ ಸಲಕ್ಕೆ ಕೊಟ್ಟು, ನೂರು ವರ್ಷ ಮತ್ತೆ ಬಾರದಿರುವ ಗಿರಾಕಿ. ಅಳಿದುಹೋಗುವ ವಸ್ತುವನ್ನು ಮಾಡುವ ವಿದ್ಯೆ ಉಳಿಯಿತು. ಉಳಿಯುವ ವಸ್ತುವನ್ನು ಮಾಡುವ ವಿದ್ಯೆ ಅಳಿಯುವ ಅಂಚಿಗೆ ಬಂತು. ಕಲೆಗೆ ಜನ ಬೆಲೆ ಕೊಡುವುದಿಲ್ಲವೆಂದು ಸುಲಭವಾಗಿ ಜರೆಯುವವರು ಈ ವ್ಯಾಪಾರದ ಗಣಿತವನ್ನು ಗಮನಿಸಿದಂತೆ ಕಾಣುವುದಿಲ್ಲ. ಮೈಸೂರಿನವರು ರುಚಿಗೇಡಿಗಳಲ್ಲ. ಅವರಲ್ಲಿ ಅನೇಕರ ಮನೆಯಲ್ಲಿ ಮುತ್ತಜ್ಜ ಕೊಂಡ ಪಟ ಈಗಾಗಲೇ ಇದೆ!

ಅರಮನೆಯ ಉತ್ತರದ ಬಯಲಿಗೆ ಬಂದಾಗ ಏಳಕ್ಕೆ ಹತ್ತು ನಿಮಿಷವಿತ್ತು. ದೊಡ್ಡ ಗಡಿಯಾರ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ನಿಲ್ಲಿಸಿದುದು, ತನ್ನ ಕನ್ನಡ ಅಂಕೆಗಳಲ್ಲಿ ಅದನ್ನು ತೋರಿಸುತ್ತಿತ್ತು. ಚುರುಮುರಿಯವನ ಗಾಡಿಯ ಸುತ್ತ ನಿಂತೆವು. ಪುರಿಯ ಮೇಲೆ ಕ್ಯಾರೆಟ್ಟಿನ ತುರಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಖಾರ, ಎರಡು ತೊಟ್ಟು ಎಣ್ಣೆ, ಹುರಿದ ಕಡಲೆಬೀಜ. ಚಮಚ ಪಾತ್ರೆಯ ಗೋಡೆಗೆ ತಾಳ ಹಾಕುತ್ತ ತಿರುಗಿದ್ದಷ್ಟೆ, ಪೊಟ್ಟಣ ಕೈಯಲ್ಲಿ. ಇದನ್ನು ಧಾರವಾಡದ ಗಿರಮಿಟ್ಟಿನ ಮುಂದೆ ತೂಗಿ ನೋಡುವ ಕೆಲಸವನ್ನು ವಕೀಲರು ಇನ್ನೂ ಆರಂಭಿಸಿರಲಿಲ್ಲ, ಅಷ್ಟರಲ್ಲಿ ಬಯಲಿನಲ್ಲಿದ್ದ ಸಹಸ್ರಾರು ಮಂದಿ ಒಮ್ಮೆಗೇ "ಓ" ಎಂದರು. ಸುಮಾರು ಒಂದು ಲಕ್ಷ ದೀಪಗಳು, ಗುಮ್ಮಟ ಕಮಾನು ಕಂಬಗಳ ಅಂಚಂಚಿನಲ್ಲಿ, ಒಂದೇ ಗಳಿಗೆಯಲ್ಲಿ ಹೊತ್ತಿದ್ದವು. ಮೇಷ್ಟ್ರು ಮೆಲ್ಲಗೆ, "ಇದೂ ಮೈಸೂರು ಚಿತ್ರವೇ ನೋಡಿ, ಬರಿಯ ಗೆರೆ, ಅದರ ಮೇಲೆ ಚಿನ್ನದ ತೊಟ್ಟು" ಎಂದರು. ಸ್ವಲ್ಪ ಹೊತ್ತಿಗೆ ಮುಂಚೆ ಡಾಬಿನ ಮೇಲೆ ಎದ್ದ ತೊಟ್ಟುಗಳನ್ನು ಕಂಡಿದ್ದ ನಮಗೆ ಮಾತ್ರ ಆ ಮಾತು ಪೂರ್ತಿಯಾಗಿ ಅರ್ಥವಾಗುವಂಥದು. ಹುಡುಗಿಯೊಬ್ಬಳೇ ಅರಮನೆಗೆ ಬೆನ್ನು ಮಾಡಿ ನಿಂತು, ಆ ಬೆಳಕು ಬಿದ್ದ ಜನರ ಮುಖಗಳನ್ನು ಕಿರುಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದಳು. ಆ ಸಂಜೆ ನಮ್ಮಲ್ಲಿ ಯಾರಾದರೂ ನಿಜವಾಗಿ ಕೆಲಸ ಮಾಡಿದ್ದರೆ ಅದು ಅವಳೇ.

ದೋಸೆಗೆಂದು ಆಟೋ ಹಿಡಿದು ನಜರಬಾದಿಗೆ ಹೋದೆವು. ಮೈಲಾರಿಯ ಹೆಸರಿನ ಹೋಟೆಲುಗಳು ಆ ಬೀದಿಯಲ್ಲಿ ಒಂದಕ್ಕಿಂತ ಹೆಚ್ಚಿವೆ, ಮೂಲದ್ದು ಯಾವುದೆಂಬ ವಾದಕ್ಕೆ ವಕೀಲರು ಉತ್ಸುಕರಾಗಿದ್ದರು, ಹಸಿವು ಅದಕ್ಕೆ ಆಸ್ಪದ ಕೊಡಲಿಲ್ಲ. ಕುಳಿತ ಮಂದಿಯ ಬೆನ್ನ ಹಿಂದೆ ಮುಂದಿನ ಸರದಿಯವರು ನಿಂತಿರುವ ಇಕ್ಕಟ್ಟಿನ ಕೋಣೆ. ಬಾಳೆಯೆಲೆಯ ಮೇಲೆ ದೋಸೆ. ಗರಿಗರಿಯ ಜಾತಿಯದಲ್ಲ, ಕೆಳಗಡೆ ಹೊಂಬಣ್ಣ, ಒಳಗಡೆ ಹತ್ತಿಯ ಮೆತು, ಮಡಿಕೆಯೊಳಗೆ ಪಲ್ಯ, ಮೇಲೆ ಕರಗುತ್ತಿರುವ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಕಾಯಿಚಟ್ನಿ. ಕೈಯಿಟ್ಟರೆ ಹರಿಯುತ್ತದೆ, ನಾಲಗೆಗಿಟ್ಟರೆ ಇರುವುದಿಲ್ಲ. "ಇದೇನ ದ್ವಾಸಿ ಅಲ್ರೀ ಮಾಸ್ತರ, ಇದು ಬ್ಯಾರೇ ಏನೋ ಐತಿ" ಎಂದು ವಕೀಲರು ಇನ್ನೊಂದಕ್ಕೆ ಹೇಳಿದರು. ಅವರ ಬಾಯಿಂದ ಅದು ಪ್ರಶಸ್ತಿಪತ್ರವೇ ಸರಿ.

ಕಾಫಿಯ ಹೊತ್ತಿಗೆ ಮಾತು ತಿರುಗಿ ಚಿತ್ರಗಾರರ ಮನೆಗೆ ಹೋಯಿತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಮಲ್ಲಿಗೆಗೂ ವೀಳೆಯದೆಲೆಗೂ ದೊರೆತಿರುವಂತೆ. ಆ ಮುದ್ರೆಯಿಂದ ಹೆಸರು ಕಾಪಾಡಬಹುದು, ಗಿರಾಕಿಯನ್ನು ತರಲಾಗದು ಎಂಬುದು ಮೇಷ್ಟ್ರ ಮತ. ತಾವು ನಿವೃತ್ತರಾದ ಮೇಲೆ ತಮ್ಮ ಶಾಲೆಯಲ್ಲಿ ತಮ್ಮ ಜಾಗಕ್ಕೆ ಬೇರೆಯವರು ಬಂದಿಲ್ಲವೆಂಬುದನ್ನೂ, ಚಿತ್ರದ ಪಿರಿಯಡ್ಡನ್ನು ಗಣಿತದವರು ತೆಗೆದುಕೊಂಡಿರುವುದನ್ನೂ ಅವರು ಮಾತಿನ ನಡುವೆ ಹೇಳಿ ಮುಂದೆ ಹೋದರು. ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರನ್ನು (1886–1965) ಹುಡುಗಿ ನೆನಪಿಗೆ ತಂದಳು. ನಾಲ್ವಡಿಯವರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು, ಹಿಂದಿರುಗಿ, ಅರಮನೆಯ ಗೋಡೆಗೆ ಗಾರೆಯ ಉಬ್ಬುಶಿಲ್ಪಗಳನ್ನೂ, ನೀರುಬಣ್ಣದಲ್ಲಿ ಊಟಿಯ ಮಂಜನ್ನೂ ಕೊಟ್ಟು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಆ ಮಹನೀಯರ ಹೆಸರಿನ ಚಿತ್ರಶಾಲೆ ಬೆಂಗಳೂರಿನಲ್ಲಿದೆ. "ಅವರಿಗೂ ಅರಸರಿದ್ದರು. ನಮಗೆ ಯಾರಿದ್ದಾರೆ ಸರ್?" ಎಂದು ಅವಳು ಕೇಳಿದಾಗ, ಗೃಹಿಣಿ ಥಟ್ಟನೆ, "ನಾನಿದ್ದೀನಿ ಕಣೇ. ನಿನ್ನ ತಂಗಿ ಮದುವೆಗೆ ಬೆಳ್ಳಿ ತಟ್ಟೆ ಕೊಡೋ ಬದಲು ಆ ಪಟ್ಟಾಭಿಷೇಕ ಕೊಡಿಸ್ತೀನಿ" ಎಂದರು. ಬೆಳ್ಳಿಯ ತಟ್ಟೆಯ ಬೆಲೆಗೂ ಪಟದ ಬೆಲೆಗೂ ಹೆಚ್ಚು ಅಂತರವಿರಲಿಲ್ಲವೆಂಬುದನ್ನು ವಕೀಲರು ಆಗಲೇ ಲೆಕ್ಕ ಹಾಕಿದ್ದರು. ಮರುದಿನ ಬೆಳಿಗ್ಗೆ ಆಕೆ ಹೋಗಿ ಮುಂಗಡವನ್ನೂ ಕೊಟ್ಟುಬಂದರು.

ಮೈಸೂರಿಗೆ ಹೋಗುವ ಓದುಗರಲ್ಲಿ ನನ್ನದೊಂದು ಬಿನ್ನಹ: ಜಗನ್ಮೋಹನಕ್ಕೆ ಮಧ್ಯಾಹ್ನವೇ ಹೋಗಿ, ಮೇಲಂತಸ್ತನ್ನು ಬಿಡಬೇಡಿ, ಮನೆಯಲ್ಲಿ ಮದುವೆ ಗೃಹಪ್ರವೇಶಗಳಿದ್ದರೆ ಚಿತ್ರಗಾರರ ಓಣಿಯನ್ನೂ ಒಮ್ಮೆ ವಿಚಾರಿಸಿ. ಚಿತ್ರಶಾಲೆ ಸಂಜೆಗೆ ಬಾಗಿಲು ಹಾಕುತ್ತದೆ. ಮೈಸೂ‌ರುಪಾಕು ಕತ್ತಲಾದ ಮೇಲೂ ಸಿಗುತ್ತದೆ.